ಸೂಜಿ ಮಾಡಿಸಿದರೂ ರೋಗ ಯಾಕೆ ಬಂತು? ದನದ ಲಸಿಕೆಯ ಹಿಂದೆ ಜೀವಕೋಶಗಳು ಮಾಡುವ ಕೆಲಸ

2022ರಲ್ಲಿ ಚರ್ಮಗಂಟು ರೋಗ ರಾಜ್ಯದ ಉದ್ದಗಲಕ್ಕೂ ಹಬ್ಬಿತು. ಎತ್ತು, ಆಕಳುಗಳ ಮೈತುಂಬ ಗಂಟು ಎದ್ದವು, ದನದ ಸಂತೆಗಳು ನಿಂತವು. ಆಡಿನ ಸಿಡುಬಿಗೆಂದು ಇದ್ದ ಲಸಿಕೆಯನ್ನೇ ದನಗಳಿಗೂ ಹಾಕಿದರು. ಅಲ್ಲಿಂದ ಈಚೆಗೆ ಕಲಬುರಗಿ, ಬೀದರ್, ಯಾದಗಿರಿ ಕಡೆಯ ಪಶು ಆಸ್ಪತ್ರೆಗಳ ಮುಂದೆ ಕೇಳಿಬರುವ ಮಾತು ಒಂದೇ: "ಸೂಜಿ ಮಾಡಿಸೀವಲ್ರಿ, ಆದ್ರೂ ಯಾಕ ಬಂತು?" ಇದರ ಜೊತೆಗೆ ಇನ್ನೊಂದು ಗೊಂದಲವೂ ಇದೆ. ಲಸಿಕೆ ಹಾಕಿದ ದನದ ರಕ್ತ ಪರೀಕ್ಷಿಸಿದರೆ ಕೆಲವು ಸಲ ರೋಗನಿರೋಧಕ ಅಂಶ ಕಾಣುವುದೇ ಇಲ್ಲ, ಆದರೆ ಅದೇ ದನಕ್ಕೆ ರೋಗ ತಗಲುವುದೂ ಇಲ್ಲ.

ಈ ಎರಡಕ್ಕೂ ಉತ್ತರ ಒಂದೇ ಕಡೆ ಇದೆ. ಲಸಿಕೆಯಿಂದ ಸಿಗುವ ರಕ್ಷಣೆಯಲ್ಲಿ ಒಂದು ಪಾಲು ರಕ್ತದ ತಿಳಿಯಲ್ಲಿ ಕರಗಿರುತ್ತದೆ, ಇನ್ನೊಂದು ಪಾಲು ಜೀವಂತ ಕೋಶಗಳಲ್ಲಿ ಕೂತಿರುತ್ತದೆ. ಮೊದಲನೆಯದನ್ನು ಅಳೆಯುವುದು ಸುಲಭ, ಎರಡನೆಯದು ಕಷ್ಟ. ಆ ಎರಡನೆಯ ಪಾಲನ್ನು ಅಭ್ಯಾಸ ಮಾಡುವ ವಿದ್ಯೆಗೆ ಕೋಶೀಯ ರೋಗನಿರೋಧ ವಿಜ್ಞಾನ ಎನ್ನುತ್ತಾರೆ. ಹೊಸ ಪಶು ಲಸಿಕೆಗಳ ಸಂಶೋಧನೆಯಲ್ಲಿ ಇಂದು ಹೆಚ್ಚಿನ ಕೆಲಸ ಇದೇ ಭಾಗದಲ್ಲಿ ನಡೆಯುತ್ತಿದೆ.

ತೊಗರಿ ಹೊಲದ ಕೀಡೆಯಿಂದ ಶುರು ಮಾಡೋಣ

ತೊಗರಿಗೆ ಕಾಯಿಕೊರಕ ಬಿದ್ದಾಗ ಏನಾಗುತ್ತದೆ ಎಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಹೂವು, ಮೊಗ್ಗಿನ ಮೇಲೆ ಓಡಾಡುವ ಕೀಡೆಗೆ ಎಣ್ಣೆ, ಅಂದರೆ ಕೀಟನಾಶಕ, ಹೊಡೆದರೆ ಸಾಯುತ್ತದೆ. ಅದೇ ಕೀಡೆ ಕಾಯಿ ಕೊರೆದು ಒಳಗೆ ಹೊಕ್ಕ ಮೇಲೆ ಎಣ್ಣೆ ಅದಕ್ಕೆ ತಾಗುವುದಿಲ್ಲ. ಆಗ ತೂತು ಬಿದ್ದ ಕಾಯಿಯನ್ನೇ ಗುರುತಿಸಿ ಕಿತ್ತುಹಾಕಬೇಕು.

ದನದ ದೇಹದಲ್ಲಿ ಎಣ್ಣೆಯ ಕೆಲಸ ಮಾಡುವುದು ಪ್ರತಿಕಾಯ. ಇದು ರಕ್ತದಲ್ಲಿ, ಹಾಲಿನಲ್ಲಿ, ಮೂಗು–ಬಾಯಿಯ ಲೋಳೆಯಲ್ಲಿ ತೇಲಾಡುವ ಒಂದು ಪ್ರೊಟೀನ್. ವೈರಸ್ಸು ಕೋಶದ ಹೊರಗೆ ಇರುವಾಗ ಅದಕ್ಕೆ ಅಂಟಿಕೊಂಡು ಒಳನುಗ್ಗದಂತೆ ತಡೆಯುತ್ತದೆ. ಪ್ರತಿಕಾಯ ತಯಾರಿಸುವ ಬಿಳಿ ರಕ್ತಕಣಗಳಿಗೆ ಬಿ ಕೋಶ ಎಂದು ಹೆಸರು.

ವೈರಸ್ಸೋ ಬ್ಯಾಕ್ಟೀರಿಯಾವೋ ಒಮ್ಮೆ ಕೋಶದೊಳಗೆ ಹೊಕ್ಕರೆ ಪ್ರತಿಕಾಯ ಅಲ್ಲಿಗೆ ಮುಟ್ಟುವುದಿಲ್ಲ. ಅಲ್ಲಿ ಬೇಕಾಗುವುದು ತೂತು ಬಿದ್ದ ಕಾಯಿ ಕೀಳುವ ಕೈ. ಅದೇ ಟಿ ಕೋಶ. ಮೂಳೆಯ ಮಜ್ಜೆಯಲ್ಲಿ ಹುಟ್ಟಿ, ಎದೆ–ಕುತ್ತಿಗೆಯ ಭಾಗದಲ್ಲಿರುವ ಥೈಮಸ್ ಎಂಬ ಗ್ರಂಥಿಯಲ್ಲಿ ಪಳಗುವುದರಿಂದ ಅದಕ್ಕೆ 'ಟಿ' ಎಂದು ಹೆಸರು ಬಂದಿದೆ.

ಟಿ ಕೋಶಗಳಲ್ಲಿ ಮುಖ್ಯವಾಗಿ ಎರಡು ಬಗೆ. ಸಿಡಿ8 ಎಂಬ ಗುರುತು ಹೊತ್ತವು ಸೋಂಕು ತಗಲಿದ ಕೋಶವನ್ನೇ ಕೊಲ್ಲುತ್ತವೆ. ಸಿಡಿ4 ಗುರುತಿನವು ತಾವಾಗಿ ಕೊಲ್ಲುವುದಕ್ಕಿಂತ ಹೆಚ್ಚಾಗಿ ಉಳಿದವರಿಂದ ಕೆಲಸ ಮಾಡಿಸುತ್ತವೆ. ಬಿ ಕೋಶಕ್ಕೆ ಒಳ್ಳೆಯ ಪ್ರತಿಕಾಯ ಮಾಡಲು, ಸಿಡಿ8ಕ್ಕೆ ನೆನಪು ಉಳಿಸಿಕೊಳ್ಳಲು, ಭಕ್ಷಕ ಕೋಶಗಳಿಗೆ ನುಂಗಿದ್ದನ್ನು ಅರಗಿಸಿಕೊಳ್ಳಲು ಇವುಗಳ ಸಹಾಯ ಬೇಕು. ಭಕ್ಷಕ ಕೋಶ ಎಂದರೆ ದೇಹದೊಳಗೆ ಬಂದ ಪರಕೀಯ ವಸ್ತುವನ್ನು ನುಂಗುವ ದೊಡ್ಡ ಬಿಳಿ ಕಣ. ಟಿ ಕೋಶಗಳು ಉಳಿದವಕ್ಕೆ ಸುದ್ದಿ ಮುಟ್ಟಿಸಲು ಬಿಡುವ ರಾಸಾಯನಿಕಗಳಲ್ಲಿ ಒಂದರ ಹೆಸರು ನೆನಪಿರಲಿ: ಗಾಮಾ ಇಂಟರ್‌ಫೆರಾನ್. ಮುಂದೆ ಲ್ಯಾಬಿನ ಮಾತು ಬಂದಾಗ ಇದೇ ಬೇಕಾಗುತ್ತದೆ.

ದನಗಳಿಗೆ ಇನ್ನೊಂದು ವಿಶೇಷವಿದೆ. ಗಾಮಾ–ಡೆಲ್ಟಾ ಎಂಬ ಮೂರನೆಯ ಬಗೆಯ ಟಿ ಕೋಶಗಳು ಮನುಷ್ಯರ ರಕ್ತದ ಟಿ ಕೋಶಗಳಲ್ಲಿ ನೂರಕ್ಕೆ ಐದರ ಆಸುಪಾಸು ಇದ್ದರೆ, ಎಳೆಗರುವಿನ ರಕ್ತದಲ್ಲಿ ಅರ್ಧಕ್ಕಿಂತಲೂ ಹೆಚ್ಚು ಇರಬಹುದು. ಮನುಷ್ಯರ ಮೇಲೆ, ಇಲಿಗಳ ಮೇಲೆ ನಡೆದ ಸಂಶೋಧನೆಯನ್ನು ಹಾಗೆಯೇ ತಂದು ದನಕ್ಕೆ ಹೊಂದಿಸಲಾಗದು ಎನ್ನುವುದಕ್ಕೆ ಇದೊಂದೇ ಕಾರಣ ಸಾಕು.

ಮುಚ್ಚಿದ ಚೀಲದಲ್ಲಿ ಏನಿದೆ ಎಂದು ಹೇಗೆ ತಿಳಿಯುತ್ತದೆ?

ಟಿ ಕೋಶ ಇನ್ನೊಂದು ಕೋಶದ ಒಳಗೆ ಇಣುಕಲಾರದು. ಹಾಗಿದ್ದರೂ ಒಳಗೆ ವೈರಸ್ಸಿದೆ ಎಂದು ಅದಕ್ಕೆ ಗೊತ್ತಾಗುತ್ತದೆ. ಕಲಬುರಗಿಯ ಎಪಿಎಂಸಿಯಲ್ಲಿ ತೊಗರಿ ಚೀಲ ಬಿಚ್ಚದೆಯೇ ಕಾಳು ನೋಡುವುದು ಹೇಗೆ? ಮೊನಚಾದ ಕೊಳವೆ ಚುಚ್ಚಿ ಒಂದು ಹಿಡಿ ಹೊರಗೆ ತೆಗೆದು, ಅಂಗೈಮೇಲೆ ಹರಡಿ ನೋಡುತ್ತಾರೆ. ದೇಹದ ಬಹುತೇಕ ಎಲ್ಲ ಕೋಶಗಳೂ ಹೀಗೆಯೇ ತಮ್ಮೊಳಗೆ ತಯಾರಾಗುತ್ತಿರುವ ಪ್ರೊಟೀನುಗಳ ಸಣ್ಣ ಚೂರುಗಳನ್ನು ಮೇಲ್ಮೈಗೆ ತಂದು ತೋರಿಸುತ್ತಲೇ ಇರುತ್ತವೆ. ಚೂರು ಹಿಡಿದು ನಿಲ್ಲುವ ಅಂಗೈಗೆ ಎಂಎಚ್‌ಸಿ ಅಣು ಎಂದು ಹೆಸರು.

ಆ ಅಂಗೈಗಳಲ್ಲೂ ಎರಡು ವರ್ಗ. ಕೋಶದೊಳಗೇ ತಯಾರಾದ ಪ್ರೊಟೀನಿನ ಚೂರು ಒಂದನೆಯ ವರ್ಗದ ಅಂಗೈಮೇಲೆ ಬರುತ್ತದೆ, ಅದನ್ನು ಸಿಡಿ8 ಓದುತ್ತದೆ. ಹೊರಗಿನಿಂದ ನುಂಗಿದ ವಸ್ತುವಿನ ಚೂರು ಎರಡನೆಯ ವರ್ಗದ ಅಂಗೈಮೇಲೆ ಬರುತ್ತದೆ, ಅದನ್ನು ಸಿಡಿ4 ಓದುತ್ತದೆ. ಲಸಿಕೆ ತಯಾರಿಸುವವರಿಗೆ ತಲೆನೋವು ಕೊಡುವ ಪ್ರಶ್ನೆಗಳಲ್ಲಿ ಅರ್ಧ ಈ ಒಂದು ವ್ಯತ್ಯಾಸದಿಂದಲೇ ಹುಟ್ಟುತ್ತವೆ.

ಸೂಜಿ ಚುಚ್ಚಿದ ಜಾಗದಲ್ಲಿ ಮೊದಲು ಕೆಲಸಕ್ಕೆ ಇಳಿಯುವುದು ಡೆಂಡ್ರಿಟಿಕ್ ಕೋಶ. ಲಸಿಕೆಯ ಅಂಶವನ್ನು ಎತ್ತಿಕೊಂಡು ಹತ್ತಿರದ ದುಗ್ಧಗ್ರಂಥಿಗೆ, ಅಂದರೆ ಬಿಳಿ ರಕ್ತಕಣಗಳು ಸೇರುವ ಗಂಟಿಗೆ, ಹೋಗುತ್ತದೆ. ಕುತ್ತಿಗೆಗೆ ಸೂಜಿ ಮಾಡಿಸಿದ ದನದ ಹೆಗಲಿನ ಮುಂದೆ, ಚರ್ಮದ ಕೆಳಗೆ ಬೆರಳು ಒತ್ತಿ ಸರಿಸಿದರೆ ಉದ್ದನೆಯ ಗಡ್ಡೆಯೊಂದು ಜಾರುತ್ತದಲ್ಲ, ಅದೇ ಆ ಗ್ರಂಥಿ. ಲಸಿಕೆಯಾದ ಕೆಲವು ದಿನ ಅದು ಕೊಂಚ ದಪ್ಪಗಾಗಬಹುದು. ಒಳಗೆ ನಡೆಯುತ್ತಿರುವುದು ಹುಡುಕಾಟ. ಯಾವುದೇ ಒಂದು ಚೂರಿಗೆ ಹೊಂದುವ ಟಿ ಕೋಶ ಲಕ್ಷಕ್ಕೆ ಒಂದೋ ಹತ್ತು ಲಕ್ಷಕ್ಕೆ ಒಂದೋ ಇರುತ್ತದೆ. ಅದು ಸಿಕ್ಕ ಮೇಲೆ ಒಂದು ಎರಡಾಗಿ, ಎರಡು ನಾಲ್ಕಾಗಿ, ವಾರ ಹತ್ತು ದಿನದಲ್ಲಿ ದೊಡ್ಡ ಪಡೆಯೇ ಎದ್ದು ನಿಲ್ಲುತ್ತದೆ. ಕೆಲಸ ಮುಗಿದ ಮೇಲೆ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಸಾಯುತ್ತವೆ, ಉಳಿದವು ನೆನಪಿನ ಕೋಶಗಳಾಗಿ ವರ್ಷಗಟ್ಟಲೆ ಬದುಕುತ್ತವೆ. ಈ ದಿನಗಳ ಲೆಕ್ಕ ತಿಳಿದಿದ್ದರೆ, ಲಸಿಕೆ ಹಾಕಿದ ನಾಲ್ಕನೆಯ ದಿನ ರೋಗ ಬಂದರೆ ಲಸಿಕೆಯನ್ನು ದೂರುವುದು ಸರಿಯಲ್ಲ ಎಂಬುದೂ ತಿಳಿಯುತ್ತದೆ.

ಕೊಂದ ಲಸಿಕೆ, ಜೀವಂತ ಲಸಿಕೆ

ಕಾಲುಬಾಯಿ ಬೇನೆಯ ಲಸಿಕೆ ಕೊಂದ ವೈರಸ್ಸಿನದು. ನಮ್ಮ ದೇಶದಲ್ಲಿ ಹಾಕುವುದರಲ್ಲಿ ಒ, ಎ, ಏಷ್ಯಾ–1 ಎಂಬ ಮೂರು ಬಗೆಗಳು ಇರುತ್ತವೆ. ಸತ್ತ ವೈರಸ್ಸು ಕೋಶದೊಳಗೆ ಹೊಕ್ಕು ಪ್ರೊಟೀನು ತಯಾರಿಸಲಾರದು. ಆದ್ದರಿಂದ ಸಿಡಿ8 ಕೋಶಗಳು ಅಷ್ಟಾಗಿ ಏಳುವುದಿಲ್ಲ. ಸಿಡಿ4 ಮತ್ತು ಬಿ ಕೋಶಗಳ ಮೂಲಕ ಪ್ರತಿಕಾಯ ಮಾತ್ರ ಚೆನ್ನಾಗಿ ಬರುತ್ತದೆ. ಈ ರೋಗಕ್ಕೆ ಮುಖ್ಯವಾಗಿ ಬೇಕಾದದ್ದೂ ಪ್ರತಿಕಾಯವೇ, ಹಾಗಾಗಿ ಲಸಿಕೆ ನಡೆಯುತ್ತದೆ. ಆದರೆ ಆ ಪ್ರತಿಕಾಯ ತಿಂಗಳುಗಳಲ್ಲಿ ಇಳಿಯುತ್ತದೆ. ಅದಕ್ಕಾಗಿಯೇ ನಾಲ್ಕು ತಿಂಗಳ ಕರುವಿಗೆ ಮೊದಲ ಸಲ, ತಿಂಗಳ ನಂತರ ಇನ್ನೊಂದು, ಆಮೇಲೆ ಆರು ತಿಂಗಳಿಗೊಮ್ಮೆ ಎಂಬ ಲೆಕ್ಕ. 2019ರಲ್ಲಿ ಶುರುವಾದ ರಾಷ್ಟ್ರೀಯ ಪಶು ರೋಗ ನಿಯಂತ್ರಣ ಕಾರ್ಯಕ್ರಮದ ಸುತ್ತುಗಳು ಆರು ತಿಂಗಳಿಗೊಮ್ಮೆ ಬರುವುದು ಇದೇ ಕಾರಣಕ್ಕೆ. ಲಸಿಕೆಗೆ ಎಣ್ಣೆ ಬೆರೆಸುವುದು ವೈರಸ್ಸಿನ ಅಂಶ ನಿಧಾನಕ್ಕೆ ಜಿನುಗಲಿ, ಡೆಂಡ್ರಿಟಿಕ್ ಕೋಶಗಳು ಎಚ್ಚೆತ್ತುಕೊಳ್ಳಲಿ ಎಂದು.

ಜೀವಂತ ಲಸಿಕೆಯ ದಾರಿ ಬೇರೆ. ರೋಗಾಣುವನ್ನು ಲ್ಯಾಬಿನ ಕೋಶಗಳಲ್ಲಿ ಮತ್ತೆ ಮತ್ತೆ ಬೆಳೆಸಿ ಅದರ ಹಲ್ಲು ಕಿತ್ತಿರುತ್ತಾರೆ. ಅದು ದನದ ಕೋಶದೊಳಗೆ ಹೊಕ್ಕು ಒಂದಿಷ್ಟು ಬೆಳೆಯುತ್ತದೆ, ರೋಗ ತರುವುದಿಲ್ಲ. ಒಳಗೆ ಬೆಳೆಯುವುದರಿಂದ ಚೂರುಗಳು ಒಂದನೆಯ ವರ್ಗದ ಅಂಗೈಗೂ ಬರುತ್ತವೆ, ಸಿಡಿ8 ಎಚ್ಚರಗೊಳ್ಳುತ್ತದೆ. ಚರ್ಮಗಂಟು ರೋಗಕ್ಕೆ ಭಾರತದಲ್ಲೇ ಅಭಿವೃದ್ಧಿಪಡಿಸಿದ ಲಂಪಿ–ಪ್ರೊವ್ಯಾಕ್‌ಇಂಡ್ ಲಸಿಕೆ ಇಂಥದ್ದು. 2019ರಲ್ಲಿ ರಾಂಚಿಯ ದನಗಳಿಂದ ಬೇರ್ಪಡಿಸಿದ ವೈರಸ್ಸನ್ನು ವೀರೋ ಎಂಬ ಕೋಶಗಳಲ್ಲಿ 50 ಸಲ ದಾಟಿಸಿ ಸೌಮ್ಯಗೊಳಿಸಿದರು. ಹಿಸಾರಿನ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರ ಮತ್ತು ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆ ಸೇರಿ ಮಾಡಿದ ಕೆಲಸವಿದು, 2022ರ ಆಗಸ್ಟ್‌ನಲ್ಲಿ ಹೊರಬಂತು. ಆಡಿನ ಸಿಡುಬಿನ ಲಸಿಕೆ ದನಕ್ಕೂ ಕೆಲಸ ಮಾಡುವುದಕ್ಕೆ ಕಾರಣ, ಎರಡು ವೈರಸ್ಸುಗಳೂ ಒಂದೇ ಕುಲದವು. ಅವುಗಳ ಚೂರುಗಳಲ್ಲಿ ಬಹುಪಾಲು ಒಂದೇ ತರಹ ಇರುವುದರಿಂದ ಟಿ ಕೋಶಕ್ಕೆ ವ್ಯತ್ಯಾಸ ತಿಳಿಯುವುದಿಲ್ಲ.

ಸಿಡುಬಿನ ಜಾತಿಯ ಈ ವೈರಸ್ಸುಗಳ ವಿರುದ್ಧ ರಕ್ಷಣೆ ಹೆಚ್ಚಾಗಿ ಟಿ ಕೋಶಗಳದ್ದೇ. ಅದರಿಂದಲೇ ಲಸಿಕೆ ಪಡೆದ ಎಷ್ಟೋ ದನಗಳ ರಕ್ತದಲ್ಲಿ ಪ್ರತಿಕಾಯ ಕಾಣದಿದ್ದರೂ ಅವು ರೋಗ ತಡೆದುಕೊಳ್ಳುತ್ತವೆ. ಪ್ರತಿಕಾಯ ಪರೀಕ್ಷೆಯಲ್ಲಿ 'ಇಲ್ಲ' ಎಂದು ಬಂದರೆ 'ರಕ್ಷಣೆ ಇಲ್ಲ' ಎಂದು ಓದಬಾರದು.

ಕುರಿ, ಆಡುಗಳ ಪಿಪಿಆರ್ ಅಂದರೆ ಹಿರೇಬೇನೆಯ ಲಸಿಕೆಯೂ ಜೀವಂತ. ಸುಂಗ್ರಿ–96 ತಳಿಯ ಈ ಲಸಿಕೆಯನ್ನು ಚರ್ಮದಡಿ 1 ಮಿಲಿ ಹಾಕಿದರೆ ಮೂರು ವರ್ಷಕ್ಕೆ ಕಡಿಮೆಯಿಲ್ಲದ ರಕ್ಷಣೆ ಸಿಗುತ್ತದೆ. ಇದೇ ಕುಟುಂಬದ, ದನಗಳ ದೊಡ್ಡರೋಗವನ್ನು (ರಿಂಡರ್‌ಪೆಸ್ಟ್) ಜೀವಂತ ಲಸಿಕೆಯಿಂದಲೇ ಭೂಮಿಯ ಮೇಲಿಂದ ಅಳಿಸಿದ್ದು. 2011ರಲ್ಲಿ ಜಗತ್ತು ಅದರಿಂದ ಮುಕ್ತವಾಯಿತೆಂದು ಘೋಷಣೆಯಾಯಿತು. ಹಿರೇಬೇನೆಯ ವೈರಸ್ಸು ರೋಗನಿರೋಧಕ ಕೋಶಗಳನ್ನೇ ಹೊಕ್ಕು ಹಾಳು ಮಾಡುತ್ತದೆ. ಬೇನೆಯಿಂದ ಎದ್ದ ಕುರಿ ವಾರಗಳ ಕಾಲ ಬೇರೆ ಸೋಂಕಿಗೆ ಸುಲಭವಾಗಿ ಬಲಿಯಾಗುವುದು ಅದಕ್ಕೇ.

ಉಣ್ಣಿ ತರುವ ಜ್ವರ: ಟಿ ಕೋಶ ಇಲ್ಲದೆ ಗತಿಯಿಲ್ಲದ ರೋಗ

ಕೋಶಗಳ ಕೆಲಸವನ್ನು ಸ್ಪಷ್ಟವಾಗಿ ನೋಡಬೇಕೆಂದರೆ ಥೈಲೇರಿಯಾ ರೋಗಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಬೀದರ್ ಸೀಮೆಯ ದೇವಣಿ ದನಗಳಂಥ ದೇಸಿ ತಳಿಗಳು ಇದನ್ನು ಬಹುಮಟ್ಟಿಗೆ ತಡೆದುಕೊಳ್ಳುತ್ತವೆ. ಎಚ್‌ಎಫ್, ಜರ್ಸಿ ಮಿಶ್ರತಳಿ ಆಕಳುಗಳು ಮಲಗಿಬಿಡುತ್ತವೆ. ಜ್ವರ 41 ಡಿಗ್ರಿ ಸೆಲ್ಸಿಯಸ್ಸಿಗೆ ಏರುತ್ತದೆ, ಹೆಗಲ ಮುಂದಿನ ಗ್ರಂಥಿ ನಿಂಬೆಗಿಂತ ದಪ್ಪಗಾಗುತ್ತದೆ, ಕಣ್ಣಿನ ಒಳಚರ್ಮ ಬಿಳಿಚಿಕೊಳ್ಳುತ್ತದೆ.

ಈ ರೋಗ ತರುವ ಪರಾವಲಂಬಿ ಉಣ್ಣಿಯ ಜೊಲ್ಲಿನ ಜೊತೆ ಬಂದು ನೇರವಾಗಿ ಬಿಳಿ ರಕ್ತಕಣಕ್ಕೇ ಹೊಕ್ಕುತ್ತದೆ. ಹೊಕ್ಕ ಕಣವನ್ನು ಕ್ಯಾನ್ಸರಿನಂತೆ ಎಡೆಬಿಡದೆ ಒಡೆಯಲು ಹಚ್ಚುತ್ತದೆ. ಕಣ ಎರಡಾದಾಗ ಒಳಗಿನ ಪರಾವಲಂಬಿಯೂ ಹಂಚಿಕೊಂಡು ಎರಡೂ ಕಡೆ ಉಳಿಯುತ್ತದೆ. ಒಂದು ಸಲವೂ ಹೊರಗೆ ಬರದೆ ಇದು ಸಾವಿರಗಟ್ಟಲೆ ಕಣಗಳಿಗೆ ಹಬ್ಬುವುದರಿಂದ ಆ ಹಂತದಲ್ಲಿ ಪ್ರತಿಕಾಯಕ್ಕೆ ಮಾಡಲು ಕೆಲಸವೇ ಇಲ್ಲ. ಸೋಂಕಾದ ಕಣವನ್ನು ಗುರುತಿಸಿ ಕೊಲ್ಲುವ ಸಿಡಿ8 ಕೋಶವೇ ಬೇಕು.

ಇದು ಬರೀ ಊಹೆಯಲ್ಲ. ಆಫ್ರಿಕಾದಲ್ಲಿ ಇದೇ ಜಾತಿಯ ಇನ್ನೊಂದು ಥೈಲೇರಿಯಾ ಇದೆ. ಅದರ ಮೇಲೆ ನಡೆದು 1994ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ತದ್ರೂಪಿ ಅವಳಿ ಕರುಗಳನ್ನು ಆರಿಸಿಕೊಂಡರು. ಒಂದಕ್ಕೆ ರೋಗನಿರೋಧ ಬರಿಸಿ, ಅದರ ಸಿಡಿ8 ಕೋಶಗಳನ್ನು ತೆಗೆದು ಇನ್ನೊಂದಕ್ಕೆ ಕೊಟ್ಟರು. ಎಂದೂ ಲಸಿಕೆ ಕಾಣದ ಆ ಎರಡನೆಯ ಕರು ಸೋಂಕನ್ನು ಎದುರಿಸಿ ಉಳಿಯಿತು. ತದ್ರೂಪಿ ಅವಳಿಯೇ ಯಾಕೆ ಬೇಕಾಯಿತೆಂದರೆ, ಬೇರೆ ಕರುವಿನ ಕೋಶ ಕೊಟ್ಟಿದ್ದರೆ ದೇಹ ಅದನ್ನು ಪರಕೀಯವೆಂದು ಹೊಡೆದುಹಾಕುತ್ತಿತ್ತು. ರಕ್ಷಣೆ ಕೋಶದಲ್ಲೇ ಇದೆ ಎನ್ನುವುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕಿಲ್ಲ.

ನಮ್ಮಲ್ಲಿ ಸಿಗುವ ಥೈಲೇರಿಯಾ ಲಸಿಕೆಯೂ ಅದೇ ತತ್ವದ್ದು. ಸೋಂಕಾದ ಬಿಳಿ ಕಣಗಳನ್ನು ಲ್ಯಾಬಿನಲ್ಲಿ ದೀರ್ಘಕಾಲ ಬೆಳೆಸಿ ರೋಗ ತರುವ ಶಕ್ತಿ ಕುಂದಿಸಿರುತ್ತಾರೆ. ಈ ಲಸಿಕೆಯ ಕೋಶಗಳು ಬದುಕಿರಲೇಬೇಕು. ಆದ್ದರಿಂದ ಕೃತಕ ಗರ್ಭಧಾರಣೆಯ ವೀರ್ಯಕಡ್ಡಿ ಇಡುವಂಥ ದ್ರವ ಸಾರಜನಕದ ಕ್ಯಾನಿನಲ್ಲೇ, ಮೈನಸ್ 196 ಡಿಗ್ರಿಯಲ್ಲಿ, ಇಟ್ಟು ಸಾಗಿಸುತ್ತಾರೆ. ಕರಗಿಸಿದ ಮೇಲೆ ತಡಮಾಡಿದರೆ ಕೋಶಗಳು ಸಾಯುತ್ತವೆ, ಚುಚ್ಚಿದ್ದು ಬರೀ ನೀರಾಗುತ್ತದೆ. ಲಸಿಕೆಯ ಜೊತೆಗೆ ಉಣ್ಣಿಯನ್ನೂ ನೋಡಿಕೊಳ್ಳಬೇಕು. ಈ ರೋಗ ತರುವ ಉಣ್ಣಿ ಗೋಡೆಯ ಬಿರುಕಿನಲ್ಲಿ, ಶಹಾಬಾದ್ ಫರ್ಸಿಯ ಸಂದಿನಲ್ಲಿ ಅಡಗುತ್ತದೆ. ದನದ ಮೈಗೆ ಮಾತ್ರ ಔಷಧ ಹಚ್ಚಿ ಸಂದುಗಳನ್ನು ಮುಚ್ಚದೆ ಬಿಟ್ಟರೆ ಅದು ಮರಳಿ ಬರುತ್ತದೆ.

ದನಕ್ಕೆ ಗರ್ಭಪಾತ ತರುವ ಕಂದು ರೋಗವೂ (ಬ್ರುಸೆಲ್ಲೋಸಿಸ್) ಒಳಗೆ ಅಡಗುವ ಜಾತಿಯದು. ಬ್ರುಸೆಲ್ಲಾ ಬ್ಯಾಕ್ಟೀರಿಯಾ ಭಕ್ಷಕ ಕೋಶ ತನ್ನನ್ನು ನುಂಗಿದರೂ ಒಳಗೇ ಬದುಕುತ್ತದೆ. ಟಿ ಕೋಶಗಳು ಗಾಮಾ ಇಂಟರ್‌ಫೆರಾನ್ ಬಿಟ್ಟು ಚುರುಕುಗೊಳಿಸಿದರೆ ಮಾತ್ರ ಭಕ್ಷಕ ಕೋಶ ಅದನ್ನು ಅರಗಿಸುತ್ತದೆ. ಎಸ್–19 ಜೀವಂತ ಲಸಿಕೆಯನ್ನು 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಜೀವಮಾನದಲ್ಲಿ ಒಮ್ಮೆ ಹಾಕುತ್ತಾರೆ. ಗಂಡು ಕರುಗಳಿಗೂ ಗಬ್ಬದ ಆಕಳಿಗೂ ಹಾಕುವುದಿಲ್ಲ. ಸೂಜಿ ಕೈಗೆ ಚುಚ್ಚಿಕೊಂಡರೆ ಮನುಷ್ಯರಿಗೇ ಸೋಂಕು ತಗಲುವ ಲಸಿಕೆ ಇದು. ಹಾಕುವವರು ಕೈಗವಸು, ಕನ್ನಡಕ ತೊಡಲೇಬೇಕು.

ಎಳೆಗರುವಿನ ತೊಡಕು

ಆಕಳ ಗರ್ಭಚೀಲದ ರಚನೆಯೇ ಹಾಗಿದೆ, ತಾಯಿಯ ಪ್ರತಿಕಾಯ ಹೊಟ್ಟೆಯೊಳಗಿನ ಕರುವಿಗೆ ದಾಟುವುದಿಲ್ಲ. ಅದೆಲ್ಲ ಗಿಣ್ಣು ಹಾಲಿನಲ್ಲೇ ಬರಬೇಕು. ಹುಟ್ಟಿದ ಮೊದಲ ಆರು ಗಂಟೆಯೊಳಗೆ ಕರುಳು ಚೆನ್ನಾಗಿ ಹೀರುತ್ತದೆ, 24 ಗಂಟೆಯಾಗುವಷ್ಟರಲ್ಲಿ ಬಾಗಿಲು ಮುಚ್ಚುತ್ತದೆ. ಕರುವಿನ ತೂಕದ ಹತ್ತನೇ ಒಂದು ಪಾಲು, ಅಂದರೆ 22 ಕೆಜಿ ಕರುವಿಗೆ ಎರಡು ಲೀಟರಿಗಿಂತ ತುಸು ಹೆಚ್ಚು ಗಿಣ್ಣು, ಮೊದಲ ದಿನ ಹೊಟ್ಟೆಗೆ ಬೀಳಬೇಕು. ಗಿಣ್ಣೆಲ್ಲ ಮನೆಯ ಒಲೆಗೆ ಹೋದರೆ ಕರುವಿಗೆ ಉಳಿಯುವುದು ಏನೂ ಇಲ್ಲ.

ತಾಯಿಯಿಂದ ಬಂದ ಇದೇ ಪ್ರತಿಕಾಯ ಕರುವಿಗೆ ಹಾಕಿದ ಲಸಿಕೆಯನ್ನೂ ಮುತ್ತಿಕೊಂಡು ನಿಷ್ಫಲ ಮಾಡಬಲ್ಲದು. ಬಹಳ ಲಸಿಕೆಗಳಿಗೆ ಮೂರು–ನಾಲ್ಕು ತಿಂಗಳು ಕಾಯಿರಿ ಎನ್ನುವುದು ಇದರಿಂದ. ಪ್ರತಿಕಾಯದ ಕಣ್ಣು ತಪ್ಪಿಸಿ ಟಿ ಕೋಶಗಳನ್ನು ನೇರವಾಗಿ ಎಬ್ಬಿಸುವ ಲಸಿಕೆ ಸಿಕ್ಕರೆ ಈ ಕಾಯುವ ಅವಧಿ ಕಡಿಮೆಯಾದೀತು. ಸಂಶೋಧಕರು ಕರುವಿನ ಟಿ ಕೋಶಗಳ ಹಿಂದೆ ಬಿದ್ದಿರುವುದಕ್ಕೆ ಇದೂ ಒಂದು ಕಾರಣ.

ಲ್ಯಾಬಿನೊಳಗೆ: ಹತ್ತು ಮಿಲಿ ರಕ್ತದ ಪಯಣ

ಪ್ರತಿಕಾಯ ಅಳೆಯಲು ಹೆಪ್ಪುಗಟ್ಟಿದ ರಕ್ತದ ಮೇಲಿನ ತಿಳಿ ಸಾಕು. ಅದನ್ನು ಫ್ರೀಜರಿನಲ್ಲಿಟ್ಟು ತಿಂಗಳ ನಂತರವೂ ನೋಡಬಹುದು. ಟಿ ಕೋಶ ಅಳೆಯಬೇಕಾದರೆ ಅದು ಬದುಕಿರಬೇಕು, ಬದುಕಿದ್ದು ಕೆಲಸ ಮಾಡಿ ತೋರಿಸಬೇಕು. ಇಡೀ ತೊಂದರೆ ಶುರುವಾಗುವುದು ಇಲ್ಲಿಂದ.

ಕುತ್ತಿಗೆಯ ರಕ್ತನಾಳದಿಂದ 10 ಮಿಲಿ ರಕ್ತವನ್ನು, ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಇರುವ ಹಸಿರು ಮುಚ್ಚಳದ ಟ್ಯೂಬಿಗೆ ತೆಗೆದು, ಎಂಟು ಹತ್ತು ಸಲ ಮೆಲ್ಲಗೆ ತಲೆಕೆಳಗು ಮಾಡಬೇಕು. ಕುಲುಕಿದರೆ ಕೆಂಪು ಕಣ ಒಡೆಯುತ್ತವೆ, ಬಿಟ್ಟರೆ ಹೆಪ್ಪುಗಟ್ಟುತ್ತದೆ. ಹೊಸಬರು ಮಾಡುವ ತಪ್ಪು ಎಂದರೆ ಟ್ಯೂಬನ್ನು ಐಸಿನ ಮೇಲಿಡುವುದು. ಬಿಳಿ ಕಣಗಳು ತಂಪಿನಲ್ಲಿ ಮಂಕಾಗುತ್ತವೆ, ಆಮೇಲೆ ಎಬ್ಬಿಸಿದರೂ ಪೂರ್ತಿ ಏಳುವುದಿಲ್ಲ. 18ರಿಂದ 25 ಡಿಗ್ರಿಯಲ್ಲಿಟ್ಟು ಆರೆಂಟು ಗಂಟೆಯೊಳಗೆ ಲ್ಯಾಬ್ ಮುಟ್ಟಿಸಬೇಕು. ಮೇ ತಿಂಗಳಲ್ಲಿ 42 ಡಿಗ್ರಿ ಏರುವ ಕಲಬುರಗಿಯಲ್ಲಿ, ಜೀಪಿನ ಡ್ಯಾಶ್‌ಬೋರ್ಡ್ ಮೇಲೆ ಅರ್ಧ ಗಂಟೆ ಮರೆತ ಟ್ಯೂಬು ಹಾಳಾದಂತೆಯೇ. ಯಾದಗಿರಿಯ ಹಳ್ಳಿಯಿಂದ ಬೀದರಿನ ನಂದಿನಗರದಲ್ಲಿರುವ ಪಶು ವಿಶ್ವವಿದ್ಯಾಲಯದವರೆಗೆ ಒಯ್ಯುವುದಾದರೆ ಬೆಳಿಗ್ಗೆಯೇ ರಕ್ತ ತೆಗೆದು ಹೊರಡಬೇಕು. ರಾತ್ರಿ ರೈಲಿಗೆ ಬೆಂಗಳೂರಿಗೆ ಕಳಿಸಿದರೆ ಕೋಶಗಳ ಉತ್ತರ ಅಷ್ಟೇ ದುರ್ಬಲವಾಗುತ್ತದೆ.

ಲ್ಯಾಬಿನಲ್ಲಿ ರಕ್ತಕ್ಕೆ ಅಷ್ಟೇ ಪ್ರಮಾಣದ ಉಪ್ಪಿನ ದ್ರಾವಣ ಬೆರೆಸಿ, 1.077 ಸಾಂದ್ರತೆಯ ಫೈಕಾಲ್ ದ್ರವದ ಮೇಲೆ ಗೋಡೆಗುಂಟ ಹನಿಹನಿಯಾಗಿ ಇಳಿಸುತ್ತಾರೆ. 50 ಮಿಲಿ ಟ್ಯೂಬಿನಲ್ಲಿ ಕೆಳಗೆ 15 ಮಿಲಿ ಫೈಕಾಲ್, ಮೇಲೆ 20 ಮಿಲಿ ರಕ್ತದ ದ್ರಾವಣ. ಎರಡೂ ಬೆರೆತರೆ ಮೊದಲಿನಿಂದ ಶುರು ಮಾಡಬೇಕು. ಇದನ್ನು ಭೂಗುರುತ್ವದ 400 ಪಟ್ಟು ಬಲದಲ್ಲಿ 30 ನಿಮಿಷ ತಿರುಗಿಸುತ್ತಾರೆ. ಯಂತ್ರ ನಿಲ್ಲುವಾಗ ಬ್ರೇಕ್ ಹಾಕಬಾರದು. ಬ್ರೇಕ್ ಬಿದ್ದರೆ ಪದರುಗಳು ಕದಡುತ್ತವೆ.

ಟ್ಯೂಬು ಹೊರಗೆ ತೆಗೆದು ಬೆಳಕಿಗೆ ಹಿಡಿದರೆ ಮೇಲೆ ಹಳದಿ ತಿಳಿ, ತಳದಲ್ಲಿ ಗಟ್ಟಿ ಕೆಂಪು, ನಡುವೆ ಹಾಲಿನ ಕೆನೆಯ ಎಳೆಯಂಥ ತೆಳ್ಳನೆಯ ಬಿಳಿ ಉಂಗುರ. ಬೇಕಾದದ್ದು ಆ ಉಂಗುರ ಮಾತ್ರ. ಪಿಪೆಟ್ಟಿನ ತುದಿಯನ್ನು ಅದರ ಮೇಲೆ ಸುತ್ತುತ್ತ ಹೀರಿಕೊಳ್ಳಬೇಕು. ಕೆಳಗಿನ ಫೈಕಾಲ್ ಜಾಸ್ತಿ ಬಂದರೆ ಅದು ಕೋಶಕ್ಕೆ ವಿಷ. ಎರಡು ಸಲ ತೊಳೆದು, ಟ್ರೈಪಾನ್ ನೀಲಿ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ಎಣಿಸುತ್ತಾರೆ. ಸತ್ತವು ನೀಲಿಯಾಗುತ್ತವೆ, ಬದುಕಿದ್ದವು ಹೊಳೆಯುತ್ತವೆ. ನೂರಕ್ಕೆ ತೊಂಬತ್ತಾದರೂ ಬದುಕಿರಬೇಕು. 10 ಮಿಲಿ ರಕ್ತಕ್ಕೆ ಸಾಮಾನ್ಯವಾಗಿ ಒಂದೆರಡು ಕೋಟಿ ಕೋಶ ಸಿಗುತ್ತವೆ.

ಇನ್ನು ಪರೀಕ್ಷೆ. ಎಲಿಸ್ಪಾಟ್ ಎಂಬ ವಿಧಾನದಲ್ಲಿ 96 ಗುಳಿಗಳಿರುವ ತಟ್ಟೆಯ ತಳಕ್ಕೆ ಹಿಂದಿನ ರಾತ್ರಿಯೇ ಗಾಮಾ ಇಂಟರ್‌ಫೆರಾನ್ ಹಿಡಿಯುವ ಪ್ರತಿಕಾಯ ಲೇಪಿಸಿರುತ್ತಾರೆ. ಪ್ರತಿ ಗುಳಿಗೆ ಎರಡು ಲಕ್ಷ ಕೋಶ. ಮೂರು ಗುಳಿಗೆ ಏನೂ ಹಾಕುವುದಿಲ್ಲ. ಮೂರಕ್ಕೆ ವೈರಸ್ಸಿನ ಚೂರು. ಇನ್ನು ಮೂರಕ್ಕೆ ಅವರೆ ಜಾತಿಯ ಒಂದು ಕಾಳಿನಿಂದ ತೆಗೆದ ಕಾನ್–ಎ, ಇದು ಬಹುತೇಕ ಎಲ್ಲ ಟಿ ಕೋಶಗಳನ್ನೂ ಕೆರಳಿಸುತ್ತದೆ. 37 ಡಿಗ್ರಿ ಶಾಖ, ನೂರಕ್ಕೆ 5ರಷ್ಟು ಇಂಗಾಲದ ಡೈಆಕ್ಸೈಡ್, ಒಂದು ರಾತ್ರಿ. ವೈರಸ್ಸಿನ ಚೂರನ್ನು ಗುರುತಿಸಿದ ಕೋಶ ತಾನು ಕೂತಲ್ಲೇ ಇಂಟರ್‌ಫೆರಾನ್ ಬಿಡುತ್ತದೆ. ಮರುದಿನ ಬಣ್ಣ ಬರಿಸಿದರೆ ಬಿಳಿ ತಳದ ಮೇಲೆ ರಾಗಿ ಕಾಳಿಗಿಂತ ಸಣ್ಣ, ಅಂಚು ಮಸುಕಾದ ಕಪ್ಪು–ನೀಲಿ ಚುಕ್ಕೆಗಳು ಕಾಣುತ್ತವೆ. ಒಂದು ಚುಕ್ಕೆ ಎಂದರೆ ಒಂದು ಕೋಶ. ಚೂರು ಹಾಕಿದ ಗುಳಿಯಲ್ಲಿ 66, ಏನೂ ಹಾಕದ್ದರಲ್ಲಿ 6 ಚುಕ್ಕೆ ಇದ್ದರೆ, ಲೆಕ್ಕ 60. ಎರಡು ಲಕ್ಷಕ್ಕೆ 60 ಎಂದರೆ ಹತ್ತು ಲಕ್ಷಕ್ಕೆ 300.

ಎಲ್ಲಿ ಎಡವುತ್ತದೆ ಎಂಬುದೂ ಈ ಗುಳಿಗಳಲ್ಲೇ ಬರೆದಿರುತ್ತದೆ. ಕಾನ್–ಎ ಗುಳಿಯೇ ಖಾಲಿ ಇದ್ದರೆ ಕೋಶಗಳು ದಾರಿಯಲ್ಲೇ ಸತ್ತಿವೆ. ಅಂಥ ತಟ್ಟೆಯಲ್ಲಿ ಲಸಿಕೆಯ ಬಗ್ಗೆ ಏನನ್ನೂ ಹೇಳಬಾರದು. ಏನೂ ಹಾಕದ ಗುಳಿ ತುಂಬ ಚುಕ್ಕೆ ಬಂದರೆ ದ್ರಾವಣಕ್ಕೆ ಬ್ಯಾಕ್ಟೀರಿಯಾದ ವಿಷಾಂಶ ಸೇರಿದೆ, ಇಲ್ಲವೇ ದನಕ್ಕೆ ಅದಾಗಲೇ ಬೇರೆ ಸೋಂಕಿದೆ. ಚುಕ್ಕೆಗಳು ಬಾಲ ಎಳೆದಂತೆ ಕಂಡರೆ ರಾತ್ರಿ ಯಾರೋ ತಟ್ಟೆ ಅಲುಗಿಸಿದ್ದಾರೆ. ಇನ್ನೊಂದು ಮೋಸ ಸುಲಭಕ್ಕೆ ಹಿಡಿತಕ್ಕೆ ಸಿಗುವುದಿಲ್ಲ. ಲಸಿಕೆಯ ವೈರಸ್ಸನ್ನು ಬೆಳೆಸಿದ ಕೋಶಗಳ ಪ್ರೊಟೀನು ಲಸಿಕೆಯಲ್ಲಿ ಉಳಿದಿರುತ್ತದೆ. ದನದ ಟಿ ಕೋಶ ಅದಕ್ಕೇ ಪ್ರತಿಕ್ರಿಯಿಸಿ, ವೈರಸ್ಸಿಗೆ ಪ್ರತಿಕ್ರಿಯಿಸಿದಂತೆ ಕಾಣಬಹುದು. ಅದಕ್ಕೆ ವೈರಸ್ಸಿಲ್ಲದ ಬರೀ ಕೋಶದ ರಸವನ್ನು ಇನ್ನು ಮೂರು ಗುಳಿಗೆ ಹಾಕಿ ಹೋಲಿಸಲೇಬೇಕು.

ಚುಕ್ಕೆ ಬಿಟ್ಟದ್ದು ಸಿಡಿ4 ಕೋಶವೋ ಸಿಡಿ8 ಕೋಶವೋ ಎಂದು ಬೇರ್ಪಡಿಸಲು ಫ್ಲೋ ಸೈಟೋಮೀಟರ್ ಬೇಕು. ಹೊಳೆಯುವ ಬಣ್ಣ ಕಟ್ಟಿದ ಪ್ರತಿಕಾಯಗಳನ್ನು ಕೋಶಕ್ಕೆ ಅಂಟಿಸಿ, ಲೇಸರ್ ಮುಂದೆ ಒಂದೊಂದಾಗಿ ಹಾಯಿಸಿ ಎಣಿಸುವ ಯಂತ್ರವಿದು. ಮನುಷ್ಯರಿಗೆ ಇಂಥ ಪ್ರತಿಕಾಯಗಳು ಹೇರಳವಾಗಿ ಸಿಗುತ್ತವೆ. ದನಕ್ಕೆ ಕಡಿಮೆ, ಎಮ್ಮೆ, ಆಡುಗಳಿಗೆ ಇನ್ನೂ ಕಡಿಮೆ. ದನದ್ದನ್ನೇ ಎಮ್ಮೆಗೆ ಬಳಸುವಾಗ ಅದು ನಿಜಕ್ಕೂ ಅಂಟುತ್ತದೆಯೇ ಎಂದು ಮೊದಲು ನೋಡಿಕೊಳ್ಳಬೇಕು.

ಕೊಟ್ಟಿಗೆಯಲ್ಲೇ ಓದಬಹುದಾದ ಪರೀಕ್ಷೆ

ಯಂತ್ರವಿಲ್ಲದೆ ಟಿ ಕೋಶಗಳನ್ನು ನೋಡುವ ಹಳೆಯ ದಾರಿ ಕ್ಷಯದ ಚರ್ಮ ಪರೀಕ್ಷೆ. ಕುತ್ತಿಗೆಯ ಕೂದಲು ಬೋಳಿಸಿ, ಚರ್ಮದ ಮಡಿಕೆಯ ದಪ್ಪ ಅಳೆದು, 0.1 ಮಿಲಿ ಟ್ಯುಬರ್ಕುಲಿನ್ (ಕ್ಷಯದ ಬ್ಯಾಕ್ಟೀರಿಯಾದಿಂದ ತೆಗೆದ ಪ್ರೊಟೀನು) ಚರ್ಮದ ಪದರಿನೊಳಗೆ ಚುಚ್ಚಿ, 72 ಗಂಟೆಯ ನಂತರ ಮತ್ತೆ ಅಳೆಯುತ್ತಾರೆ. 4 ಮಿಲಿಮೀಟರ್ ಅಥವಾ ಹೆಚ್ಚು ದಪ್ಪಗಾಗಿದ್ದರೆ ಆ ದನದ ಟಿ ಕೋಶಗಳಿಗೆ ಕ್ಷಯದ ಪರಿಚಯ ಇದೆ ಎಂದು ಅರ್ಥ. ರಕ್ತಕ್ಕೆ ಟ್ಯುಬರ್ಕುಲಿನ್ ಬೆರೆಸಿ ಗಾಮಾ ಇಂಟರ್‌ಫೆರಾನ್ ಅಳೆಯುವ ಪರೀಕ್ಷೆ 1980ರ ದಶಕದ ಕೊನೆಗೆ ಆಸ್ಟ್ರೇಲಿಯಾದಲ್ಲಿ ದನಗಳಿಗೆಂದೇ ಹುಟ್ಟಿತು. ಮನುಷ್ಯರ ಕ್ಷಯಕ್ಕೆ ಇಂದು ಆಸ್ಪತ್ರೆಗಳಲ್ಲಿ ಮಾಡುವ ರಕ್ತ ಪರೀಕ್ಷೆ ಬಂದದ್ದು ಆ ದಾರಿಯಿಂದಲೇ.

ಒಂದೇ ಚೂರು ಎಲ್ಲ ದನಕ್ಕೂ ಯಾಕೆ ಸಾಲದು?

ಚೂರು ಹಿಡಿಯುವ ಅಂಗೈ ಎಲ್ಲ ದನಗಳಲ್ಲೂ ಒಂದೇ ಆಕಾರದ್ದಲ್ಲ. ಒಂದೇ ತಳಿಯ ಎರಡು ಆಕಳುಗಳಲ್ಲೂ ಬೇರೆ ಇರಬಹುದು. ವೈರಸ್ಸಿನ ಒಂದೇ ಚೂರಿನಿಂದ ಲಸಿಕೆ ಮಾಡಿದರೆ ಅದು ಕೆಲವು ದನಗಳ ಅಂಗೈಯಲ್ಲಿ ಕೂರುತ್ತದೆ, ಕೆಲವುಗಳಲ್ಲಿ ಜಾರಿಬೀಳುತ್ತದೆ. ಹೊಸ ಲಸಿಕೆಗಳಲ್ಲಿ ಹಲವು ಚೂರುಗಳನ್ನು ಪೋಣಿಸುವುದೋ, ಇಡೀ ಪ್ರೊಟೀನನ್ನು ನಿರುಪದ್ರವಿ ವೈರಸ್ಸಿನ ಬೆನ್ನಿಗೆ ಕಟ್ಟಿ ಕೋಶದೊಳಗೆ ಕಳಿಸುವುದೋ ಇದಕ್ಕಾಗಿ. ವಿದೇಶಿ ತಳಿಯಲ್ಲಿ ನೋಡಿದ ಫಲಿತಾಂಶವನ್ನು ದೇವಣಿ ದನದಲ್ಲಿ, ಬೀದರಿ ಆಡಿನಲ್ಲಿ, ಡೆಕ್ಕನಿ ಕುರಿಯಲ್ಲಿ ಮತ್ತೆ ನೋಡಬೇಕು. ನಮ್ಮ ತಳಿಗಳ ಮೇಲೆ ನಮ್ಮಲ್ಲೇ ಕೆಲಸ ಆಗಬೇಕು ಎನ್ನುವುದಕ್ಕೆ ಅಭಿಮಾನಕ್ಕಿಂತ ಗಟ್ಟಿ ಕಾರಣ ಇದು.

ಹಾಗಾದರೆ ಸೂಜಿ ಮಾಡಿಸಿದರೂ ಬಂದದ್ದು ಯಾಕೆ?

ಎಲ್ಲಕ್ಕಿಂತ ಹೆಚ್ಚು ಕಂಡುಬರುವ ಕಾರಣ ಹೊತ್ತು ಮೀರುವುದು. ಚರ್ಮಗಂಟು ವೈರಸ್ಸು ಮೈಯೊಳಗೆ ಹೊಕ್ಕು ನಾಲ್ಕು ವಾರದವರೆಗೂ ಸುಮ್ಮನಿರಬಲ್ಲದು. ಊರಲ್ಲಿ ರೋಗ ಕಂಡ ಮೇಲೆ ಹಾಕಿಸಿದರೆ, ಆಗಲೇ ಸೋಂಕಾದ ದನದಲ್ಲಿ ಗಂಟು ಏಳುತ್ತದೆ. ಲಸಿಕೆಯಾದ ಮೇಲೂ ಪೂರ್ತಿ ರಕ್ಷಣೆಗೆ ಮೂರು ವಾರ ಬೇಕು. ಅಷ್ಟು ದಿನ ಸಂತೆಗೆ ಒಯ್ಯದೆ, ನೊಣ–ಸೊಳ್ಳೆಗೆ ಹೊಗೆ ಹಾಕಿ ಕಾಯುವುದೇ ಸರಿ. ಒಂದೇ ಸೂಜಿಯನ್ನು ಹತ್ತು ದನಕ್ಕೆ ಬಳಸಿದರೆ ಸೂಜಿಯೇ ರೋಗ ಹಂಚುತ್ತದೆ.

ಎರಡನೆಯದು ಲಸಿಕೆ ಕೈಗೆ ಬರುವ ಮೊದಲೇ ಸತ್ತಿರುವುದು. ಜೀವಂತ ಲಸಿಕೆಯ ಪುಡಿಯನ್ನು ತಣ್ಣಗಿನ ದ್ರಾವಣದಲ್ಲಿ ಕಲಸಿದ ಮೇಲೆ ಐಸಿನ ಮೇಲಿಟ್ಟು ಎರಡು ಗಂಟೆಯೊಳಗೆ ಮುಗಿಸಬೇಕು. ಉಳಿದದ್ದನ್ನು ಸಂಜೆಗೆ ಇಟ್ಟುಕೊಳ್ಳುವಂತಿಲ್ಲ. ಸಿರಿಂಜನ್ನು ಸ್ಪಿರಿಟ್ಟಿನಿಂದಲೋ ಡೆಟಾಲಿನಿಂದಲೋ ತೊಳೆದರೆ ಒಳಗೆ ಉಳಿದ ಹನಿ ಲಸಿಕೆಯ ವೈರಸ್ಸನ್ನೇ ಕೊಲ್ಲುತ್ತದೆ. ನೀರಲ್ಲಿ ಕುದಿಸಿ ಆರಿಸಿ ಬಳಸಬೇಕು. ಕಾಲುಬಾಯಿ ಬೇನೆಯ ಎಣ್ಣೆ ಲಸಿಕೆಗೆ ಭಯ ಬಿಸಿಯದ್ದಷ್ಟೇ ಅಲ್ಲ, ಹೆಪ್ಪುಗಟ್ಟುವುದೂ ಅದಕ್ಕೆ ಆಗದು. ಫ್ರಿಜ್ಜಿನ ಮೇಲಿನ ಐಸ್ ಖಾನೆಯಲ್ಲಿಟ್ಟರೆ ಎಣ್ಣೆ–ನೀರು ಬೇರೆಯಾಗುತ್ತವೆ, ವೈರಸ್ಸಿನ ಕವಚ ಒಡೆಯುತ್ತದೆ. 2ರಿಂದ 8 ಡಿಗ್ರಿಯಲ್ಲೇ ಇರಬೇಕು. ಬಾಟಲಿಯಲ್ಲಿ ಎರಡು ಪದರು ಕಂಡರೆ ಎಷ್ಟು ಅಲುಗಿಸಿದರೂ ಅದು ಲಸಿಕೆಯಾಗಿ ಉಳಿದಿಲ್ಲ.

ಮೂರನೆಯದು ದನದ ಮೈಯಲ್ಲೇ ಇರುವ ಕಾರಣ. ಬೇಸಿಗೆಯಲ್ಲಿ ಬರೀ ಕಣಕಿ ತಿಂದು ಬಡವಾದ, ಜಂತುಹುಳು ತುಂಬಿದ, ಉಣ್ಣಿ ಹತ್ತಿದ, ಟೆಂಪೋದಲ್ಲಿ ದೂರ ಸಾಗಿ ಬಂದ ದನದ ಟಿ ಕೋಶಗಳು ಕಡಿಮೆ ಹುಟ್ಟುತ್ತವೆ, ನಿಧಾನ ಏಳುತ್ತವೆ. ದಣಿವಿನಲ್ಲಿ ಏರುವ ಕಾರ್ಟಿಸೋಲ್ ಹಾರ್ಮೋನು ಅವುಗಳನ್ನು ನೇರವಾಗಿ ಅದುಮುತ್ತದೆ. ಲಸಿಕೆಗೆ ಹದಿನೈದು ದಿನ ಮುಂಚೆ ಜಂತಿನ ಔಷಧ ಕುಡಿಸಿ, ಸೂಜಿ ದಿನ ಬೆಳಗಿನ ತಂಪಿನಲ್ಲಿ ಹಾಕಿಸುವುದಕ್ಕೆ ಅರ್ಥವಿರುವುದು ಇಲ್ಲಿ. ಸೂಜಿಯ ಜಾಗದಲ್ಲಿ ಒಂದು ಗಂಟು, ಎರಡು ದಿನ ಸಣ್ಣ ಜ್ವರ, ಹಾಲು ತುಸು ಇಳಿಯುವುದು ಇವು ಕೋಶಗಳು ಕೆಲಸಕ್ಕಿಳಿದ ಗುರುತು. ಗಂಟು ಮೈತುಂಬ ಹರಡಿದರೆ, ಜ್ವರ ಮೂರು ದಿನ ದಾಟಿದರೆ ವೈದ್ಯರನ್ನು ಕರೆಸಬೇಕು.

ದನದ ಕಿವಿಯ ಹಳದಿ ಬಿಲ್ಲೆಯಲ್ಲಿ 12 ಅಂಕಿಯ ಸಂಖ್ಯೆ ಇರುತ್ತದೆ. ಅದರ ಎದುರಿಗೆ ಲಸಿಕೆಯ ಹೆಸರು, ಬಾಟಲಿಯ ಮೇಲಿನ ಬ್ಯಾಚ್ ಸಂಖ್ಯೆ, ಹಾಕಿದ ತಾರೀಖು ಬರೆದಿಟ್ಟುಕೊಳ್ಳಿ. ನಾಳೆ ನಿಮ್ಮ ದನದ ರಕ್ತ ಲ್ಯಾಬಿಗೆ ಹೋದರೆ, ಗುಳಿಯಲ್ಲಿ ಎದ್ದ 60 ಚುಕ್ಕೆ ಲಸಿಕೆಯಾದ ಹತ್ತನೆಯ ದಿನದ್ದೋ ಹತ್ತನೆಯ ತಿಂಗಳದ್ದೋ ಎಂದು ಅವರಿಗೆ ತಿಳಿಯುವುದು ಆ ಒಂದು ಸಾಲಿನಿಂದಲೇ.